ನೂರು ಮೀಟರಿನೊಳಗೊಂದು ಬಚ್ಚಲುಮನೆ

ಮನೆಯ ಹಿಂದೆ ಕೋಟೆ ಇರುವವರಿಗೆ ಬಡಾಯಿ ಎಂಬ ಕಾಯಿಲೆ ಇರುತ್ತದೆ. ಅದಕ್ಕೆ ಯಾರೂ ಔಷಧಿ ಮಾಡುವುದಿಲ್ಲ, ಏಕೆಂದರೆ ಅದರಿಂದ ನರಳುವವರು ಮನೆಗೆ ಬಂದ ನೆಂಟರೇ ಹೊರತು ಕಾಯಿಲೆಯವನಲ್ಲ. ಜಾವಳಿಯ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯ ಹಿಂದೆಯೇ ಗುಡ್ಡ. ಅದರ ಮೇಲೆ ಯಾವ ಕಾಲದಲ್ಲೋ ಯಾವ ಅರಸನೋ ಕಟ್ಟಿಸಿದ ಕೋಟೆ ಪಾಳು ಬಿದ್ದಿದೆ. ದೇವರಮನೆ ಬೆಟ್ಟ ನೋಡಲು ಹೊರಟ ನೆಂಟರು ದಾರಿಯಲ್ಲಿ ನಮ್ಮಲ್ಲಿಗೆ ಬಂದರೆ, ಕಡುಬು ತಿನ್ನಿಸಿ, ಕೈತೊಳೆಯುವ ಮೊದಲೇ ಗುಡ್ಡ ಹತ್ತಿಸುತ್ತೇನೆ. ಅವರು ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕೀಳುವುದರಲ್ಲಿ ಮಗ್ನರಾಗಿದ್ದರೂ ನನ್ನ ಇತಿಹಾಸ ನಿಲ್ಲುವುದಿಲ್ಲ.

ಎಲ್ಲಾ ಶುರುವಾದದ್ದು ನನ್ನ ಹೆಂಡತಿ ಸರೋಜಳ ಅಣ್ಣನಿಂದ. ಮದುವೆಯಾದ ಹೊಸತರಲ್ಲಿ ಅವರನ್ನು ಮೇಲಕ್ಕೆ ಕರೆದೊಯ್ದು ಕೋಟೆ ತೋರಿಸಿದೆ. ಅವರು ಸೊಂಟಕ್ಕೆ ಕೈಕೊಟ್ಟು ನಿಂತು ಒಂದು ಸುತ್ತು ನೋಡಿ, "ಇಷ್ಟೇಯಾ ಭಾವ?" ಅಂದರು. ಆ 'ಇಷ್ಟೇಯಾ' ನನಗೆ ಎಷ್ಟು ನಾಟಿತೆಂದರೆ, ಇಳಿದು ಬರುವಾಗ ತೋಟದ ಅಂಚಿನ ಟ್ರೆಂಚು ಕಂಡದ್ದೇ ತಡ, "ಇದು ಕೋಟೆಯ ಹೊರಗಿನ ಕಂದಕ" ಎಂದುಬಿಟ್ಟೆ. ಆಮೇಲಿನ ನೆಂಟರಿಗೂ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂತು. ಕೆಲವು ವರ್ಷಗಳಲ್ಲಿ ಕಂದಕಕ್ಕೆ ನೀರು ಬಿಟ್ಟೆ, ನೀರಿಗೆ ಮೊಸಳೆ ಬಿಟ್ಟೆ. ಆನೆ ಕುದುರೆಗಳ ಸೈನ್ಯವೊಂದು ಅದನ್ನು ದಾಟಲಾರದೆ ಹಿಂದಿರುಗಿತು ಎಂದೂ ಹೇಳಿದ ನೆನಪು.

ಜನ ಕೋಟೆಯ ಕಲ್ಲು ಹೊತ್ತುಕೊಂಡು ಹೋಗುತ್ತಾರೆ, ಕಾಪಾಡಿ ಎಂದು ಸರ್ಕಾರಕ್ಕೆ ಅರ್ಜಿ ಬರೆದವನೂ ನಾನೇ. ಬಹಳ ಕಾಲದ ಮೇಲೆ ಸಂರಕ್ಷಿತ ಸ್ಮಾರಕವೆಂಬ ನೀಲಿ ಫಲಕ ಬಂತು. ಅದರ ಹಿಂದೆಯೇ ನಕ್ಷೆ ಮಾಡಲು ಒಬ್ಬರು ಅಧಿಕಾರಿ ಬಂದರು. ನಮ್ಮ ಮಗಳ ವಯಸ್ಸಿನ ಹುಡುಗಿ, ಆದರೆ ಕೈಯಲ್ಲಿ ಸರ್ಕಾರದ ಟೇಪು ಇದ್ದದ್ದರಿಂದ ನಾವೆಲ್ಲ ಮೇಡಂ ಅಂದೆವು. ಮೇಡಂ ಟ್ರೆಂಚಿನ ಮುಂದೆ ನಿಂತು, "ಇದೂ ಕೋಟೆಗೆ ಸೇರಿದ್ದಾ ಸರ್?" ಎಂದು ಅನುಮಾನಿಸಿದರು. "ಇದಿಲ್ಲದೆ ಕೋಟೆಯೇ ಇಲ್ಲ ಮೇಡಂ" ಎಂದೆ. ಅವರು ಬರೆದುಕೊಂಡರು. ಅವತ್ತು ರಾತ್ರಿ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಇಲ್ಲಿ ನಮ್ಮ ಬಚ್ಚಲುಮನೆಯ ವಿಷಯ ಹೇಳಬೇಕು. ಅದು ಅಂಗಳದಾಚೆ, ಹನ್ನೊಂದು ಮೆಟ್ಟಿಲ ಕೆಳಗಿದೆ. ಸರೋಜಳ ಮೊಣಕಾಲು ಕೈಕೊಟ್ಟು ಎರಡು ವರ್ಷವಾಯಿತು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಮಲಗುವ ಕೋಣೆಗೆ ಅಂಟಿಕೊಂಡಂತೆ ಒಂದು ಬಚ್ಚಲು ಕಟ್ಟಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅವಳು ಮೂಡಿಗೆರೆಗೆ ಹೋಗಿ ಟೈಲ್ಸನ್ನೂ ಆರಿಸಿ ಬಂದಿದ್ದಳು, ಜಾರದ ಜಾತಿಯದು. ಪಂಚಾಯಿತಿಗೆ ಕೊಟ್ಟ ಅರ್ಜಿ ವಾಪಸು ಬಂತು. ಕೋಟೆಯ ಹೊರ ಎಲ್ಲೆಯಿಂದ ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಹೊರ ಎಲ್ಲೆ ಎಂದರೆ ನನ್ನ ಕಂದಕ. ಅಲ್ಲಿಂದ ಅಳೆದರೆ ನಮ್ಮ ಮನೆ ಹಂಚು, ಗೋಡೆ, ನಾಯಿಗೂಡು ಸಮೇತ ಒಳಗೆ.

ಹಳೆಯದನ್ನು ಒಪ್ಪಿಗೆ ಪಡೆದು ರಿಪೇರಿ ಮಾಡಬಹುದಂತೆ ಎಂದು ಸಮಾಧಾನ ಹೇಳಲು ಹೋದೆ. "ಅಲ್ಲ ಮಾರಾಯ್ರೇ, ರಿಪೇರಿ ಮಾಡಿದ್ರೆ ಬಚ್ಚಲು ಮೆಟ್ಟಿಲು ಹತ್ತಿ ಮನೆ ಒಳಗೆ ಬರ್ತದಾ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಟೈಲ್ಸಿನ ಚೀಟಿಯನ್ನು ಮಡಿಸಿ ಡಬ್ಬಿಯೊಳಗೆ ಇಟ್ಟಳು. ನನ್ನ ಮೇಲೆ ನನಗೇ ಸಿಟ್ಟು ಬಂತು. ಮೇಡಂಗೆ ಫೋನ್ ಮಾಡಿ, ಕಾನೂನಿನಲ್ಲಿ ಮೊಣಕಾಲಿಗೆ ಏನಾದರೂ ವಿನಾಯಿತಿ ಇದೆಯೇ ಎಂದು ಕೇಳಿದೆ. ಅವರು ನಕ್ಕು, ನಕ್ಷೆ ಇನ್ನೂ ಅಂತಿಮವಾಗಿಲ್ಲ, ಕಂದಕ ಕೋಟೆಯದಲ್ಲ ಎಂದು ತೋರಿಸುವವರಿದ್ದರೆ ಮತ್ತೆ ಬರುತ್ತೇನೆ ಎಂದರು.

ತೋರಿಸುವವನು ಇದ್ದ. ನಮ್ಮ ಹಳೆಯ ಮೇಸ್ತ್ರಿ ಲಕ್ಕಣ್ಣ, ಈಗ ಕೆಲಸ ಬಿಟ್ಟು ಕೂಲಿಯವರ ಲೈನುಮನೆಯ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾನೆ. ಮೇಡಂ ಮುಂದೆ ಅವನನ್ನು ಟ್ರೆಂಚಿನ ದಂಡೆಗೆ ನಿಲ್ಲಿಸಿದೆ.

"ಕಂದಕನಾ? ಯಾರಂದ್ರು?" ಎಂದ. ನಾನು ಕಾಫಿ ಗಿಡ ನೋಡತೊಡಗಿದೆ. "ಇದು ನಮ್ಮಪ್ಪ ತೋಡಿದ್ದು ಅಮ್ಮ. ನಮ್ಮನೆ ಕೆಂದ ಹಸು ಬಂದು ಕಾಫಿ ಸಸಿ ತುಳಿದು ಹಾಕ್ತಿತ್ತು. ಈ ಅಯ್ಯನ ಅಜ್ಜಯ್ಯ ಸಿಟ್ಟು ಮಾಡಿ, ನಿನ್ನ ಹಸು ತಡೆಯೋಕೆ ನೀನೇ ತೋಡು ಅಂದ್ರು."

"ಆಮೇಲೆ ಹಸು ನಿಂತಿತಾ?" ಎಂದರು ಮೇಡಂ.

"ಎಲ್ಲಿ ನಿಲ್ತದೆ? ಹಾರ್ಕಂಡು ಬರ್ತಿತ್ತು."

ಆನೆ ಕುದುರೆ ದಾಟಲಾರದ ಕಂದಕವನ್ನು ಲಕ್ಕಣ್ಣನ ಕೆಂದ ಹಸು ದಿನಾ ಹಾರುತ್ತಿತ್ತು ಎಂದು ಕೇಳಿ ನನ್ನ ಮುಖ ಹೇಗಾಗಿತ್ತೋ ನಾನು ನೋಡಿಕೊಳ್ಳಲಿಲ್ಲ. ಮೇಡಂ ಕಂದಕಕ್ಕೆ ಗೀಟು ಹೊಡೆದು, "ಇನ್ನೇನಾದರೂ ತಿದ್ದುವುದಿದೆಯಾ ಸರ್?" ಎಂದರು. ಬಚ್ಚಲು ಕಣ್ಣ ಮುಂದಿತ್ತು. ಕಂದಕದ ಜೊತೆಗೇ ನಾನು ಬರೆಸಿದ್ದ ರಾಣಿಯ ಕೊಳ ನಮ್ಮ ಅಪ್ಪ ನರ್ಸರಿಗೆಂದು ತೋಡಿಸಿದ ನೀರಿನ ಗುಂಡಿ ಎಂದೆ. ನಾನೇ ಹೆಸರಿಟ್ಟ ಕಾವಲುಗಾರನ ಕಲ್ಲು ನಮ್ಮ ಸರಹದ್ದಿನ ಕಲ್ಲು ಎಂದೆ. ಅವರು ಒಂದೊಂದಕ್ಕೂ ಗೀಟು ಹೊಡೆದರು. ಅರಸ ಕಟ್ಟಿಸಿದ್ದಕ್ಕಿಂತ ನಮ್ಮ ಮನೆಯವರು ಕಟ್ಟಿಸಿದ್ದೇ ಹೆಚ್ಚಾಯಿತು.

"ಬನ್ನಿ, ಉಳಿದದ್ದನ್ನು ನೋಡೋಣ" ಎಂದು ಮೇಡಂ ನನ್ನನ್ನು ಮೇಲಿನ ಹೆಬ್ಬಾಗಿಲಿಗೆ ಕರೆದೊಯ್ದರು. ಪ್ರತಿ ಸಲವೂ ನಾನು ನೆಂಟರನ್ನು ಅವಸರದಲ್ಲಿ ದಾಟಿಸುತ್ತಿದ್ದ ಜಾಗ ಅದು. ನೇರವಾಗಿ ಬರುವ ದಾರಿ ಬಾಗಿಲ ಮುಂದೆ ಥಟ್ಟನೆ ತಿರುಗುತ್ತದೆ, ಆನೆ ಓಡಿಬಂದು ಗುದ್ದಲು ಜಾಗವೇ ಸಿಗದಂತೆ. ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳ ಸಂದಿನಲ್ಲಿ ಹಾಳೆಯೂ ತೂರುವುದಿಲ್ಲ. ಆಮೇಲೆ ಅವರು ಒಳಗೋಡೆಯ ಚೌಕ ತೂತೊಂದನ್ನು ತೋರಿಸಿ, ಬಾಗಿಲಿಗೆ ಅಡ್ಡ ಹಾಕುವ ತೊಲೆಯನ್ನು ಹಗಲು ಇದರೊಳಗೆ ತಳ್ಳಿಡುತ್ತಿದ್ದರು, ಕೈ ಹಾಕಿ ನೋಡಿ ಎಂದರು. ಹಾಕಿದೆ. ಹೆಗಲವರೆಗೂ ಹೋಯಿತು. ಒಳಗೆ ಕಲ್ಲು ತಣ್ಣಗಿತ್ತು, ತೊಲೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಯಾರೋ ದಿನಾ ಬೆಳಿಗ್ಗೆ ತಳ್ಳಿ, ಸಂಜೆ ಎಳೆದದ್ದು ನನ್ನ ಬೆರಳಿಗೆ ಸಿಕ್ಕಿತು. ಇಷ್ಟು ವರ್ಷ ಕೋಟೆ ಕೋಟೆ ಎಂದು ಕುಣಿದವನು ಅವತ್ತು ಮೊದಲ ಸಲ ಬಾಯಿ ಬಿಡದೆ ನಿಂತಿದ್ದೆ.

ಈಗ ಅದೇ ಹೊರ ಎಲ್ಲೆ, ಅಲ್ಲಿಂದ ಟೇಪು ಹಿಡಿದು ಇಳಿದೆವು. ನೂರನೇ ಮೀಟರು ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಮುಗಿದು ಮನೆ ಹೊರಗುಳಿಯಿತು. ನೂರು ಮೀಟರಿನಾಚೆ ಕಟ್ಟಲೂ ಇನ್ನೊಂದು ಒಪ್ಪಿಗೆ ಬೇಕಿತ್ತು, ಅದು ಆಮೇಲೆ ಬಂತು, ಸರೋಜಳ ಜಾರದ ಟೈಲ್ಸೂ ಬಂತು. ಆದರೆ ಅವತ್ತು ನನಗೆ ಬಚ್ಚಲಿನ ಸುದ್ದಿ ಹೇಳುವಷ್ಟೂ ತಾಳ್ಮೆಯಿರಲಿಲ್ಲ. ಅಡಿಗೆಮನೆಗೆ ನುಗ್ಗಿ, ಮಣ್ಣಾದ ತೋಳನ್ನು ಚಾಚಿ, ಹೆಬ್ಬಾಗಿಲಿನ ತೂತು, ಅದರ ಆಳ, ಅದರ ನುಣುಪು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವಳು ಒಲೆಯ ಕಡೆಗೇ ನೋಡುತ್ತಾ ಕೇಳಿಸಿಕೊಂಡಳು.

"ಗೊತ್ತು. ಮದುವೆಯಾಗಿ ಬಂದ ವರ್ಷವೇ ಕೈ ಹಾಕಿದ್ದೆ. ಒಂದು ಬಳೆ ಅಲ್ಲೇ ಒಡೆದು ಹೋಯ್ತು."

"ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಹೇಳೋಣ ಅಂತಲೇ ಬಂದೆ. ನೀವು ಮಾತಾಡ್ತಾ ಇದ್ರಿ" ಎಂದಳು ಸರೋಜ, "ಮುಗೀಲಿ ಅಂತ ಕಾಯ್ತಾ ಇದ್ದೇನೆ."