ಗಂಡಸರ ಶಿಬಿರಕ್ಕೆ ಹೆಂಗಸರ ಸಾಲು

ವಾದದಲ್ಲಿ ಗೆಲ್ಲುವುದರಲ್ಲಿ ಒಂದು ಅಪಾಯವಿದೆ: ಕೇಳಿಸಿಕೊಂಡವರು ಅದನ್ನು ನಂಬಿಬಿಡುತ್ತಾರೆ. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಟ್ರೋಫಿ ಹೊತ್ತು ತರುತ್ತಿದ್ದಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಗಂಡಸರಿಗೆಂದೇ ಆರೋಗ್ಯ ಶಿಬಿರ ಎಂದು ಆಟೋದಲ್ಲಿ ಕೂಗಿಕೊಂಡು ಹೋದ ದಿನ, ಊಟಕ್ಕೆ ಕೂತಿದ್ದ ನಾನು ಅಭ್ಯಾಸಬಲದಿಂದ ವಿರೋಧದ ಪಕ್ಷ ಹಿಡಿದೆ. ಬ್ಯಾನರು ಕಟ್ಟಿ, ಬಾಳೆಹಣ್ಣು ಹಂಚಿ, ಫೋಟೊ ತೆಗೆಸಿಕೊಂಡರೆ ಗಂಡಸರ ಕ್ಷೇಮ ಆಗಿಬಿಡುತ್ತದೆಯೇ? ಹೇಗಿದ್ದೀಯ ಎಂದರೆ ಊಟ ಆಯ್ತು ಎನ್ನುವ ಜನರ ಸಂಕಟ ಸರ್ಕಾರದ ಯಾವ ಯಂತ್ರಕ್ಕೆ ಸಿಕ್ಕೀತು? ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ತಲೆದೂಗಿದರು. ಅವರು ನನ್ನ ಮಾತು ಒಪ್ಪಿದ್ದು ಅದೇ ಮೊದಲು. ಆ ವಾರವಷ್ಟೇ ಕಬ್ಬಿನ ಗದ್ದೆಯಲ್ಲಿ ತಲೆ ಸುತ್ತಿ ಬದುವಿನ ಮೇಲೆ ಕುಸಿದು ಕೂತವರು ಅವರೇ ಎಂಬುದು ನನಗೆ ತಡವಾಗಿ ಹೊಳೆಯಿತು.

"ನೀನು ಗೆದ್ದೆ ಕಣಪ್ಪ," ಎಂದರು ಅಮ್ಮ. "ನಾಳೆ ನಿಮ್ಮಪ್ಪ ಗದ್ದೇಲಿ ಬಿದ್ರೆ ಆ ಟ್ರೋಫೀಲೇ ನೀರ್ ತಂದು ಕುಡ್ಸು."

ತಕ್ಷಣ ಪಕ್ಷ ಬದಲಿಸಿದೆ. ಪ್ರಯೋಜನವಾಗಲಿಲ್ಲ. ನನ್ನ ವಾದವನ್ನೇ ಅಪ್ಪ ನನಗಿಂತ ಚೆನ್ನಾಗಿ, ಬಾಳೆಹಣ್ಣು ಸಮೇತ, ತಿರುಗಿ ಒಪ್ಪಿಸಿದರು. ಕೊನೆಗೆ ಶಿಬಿರದ ದಿನ ಬೆಳಿಗ್ಗೆ ಅಮ್ಮ, ನಂಗೇ ತಲೆ ಸುತ್ತುತದೆ, ಆಸ್ಪತ್ರೆಗೆ ಬುಡಿ ಎಂದರು. ಅಪ್ಪ ಕೂಡಲೇ ಮೊಪೆಡ್ ತೆಗೆದರು. ನಮ್ಮ ಕಡೆ ಗಂಡಸರು ಆಸ್ಪತ್ರೆಗೆ ಹೋಗುವುದು ಡ್ರೈವರಾಗಿ ಮಾತ್ರ.

ನಾನೂ ಬೈಕಿನಲ್ಲಿ ಹಿಂಬಾಲಿಸಿದೆ. ಗೇಟಿನ ಆಚೆ ಹುಣಸೆಮರದ ಕೆಳಗೆ ಗಾಡಿಗಳ ಸಾಲು, ಒಂದೊಂದರ ಮೇಲೂ ಒಬ್ಬೊಬ್ಬ ಗಂಡಸು. ಒಳಗೆ ಅವರವರ ಹೆಂಡತಿಯರು ಸಾಲಾಗಿ ನಿಂತು, ಗಂಡನಿಗೆ ಎದೆಯುರಿ, ಗಂಡನಿಗೆ ನಿದ್ದೆಯಿಲ್ಲ ಎಂದು ಒಪ್ಪಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಿಪಿ ಮಿಷನ್ ಹಿಡಿದು ಆಚೆ ಬಂದರು.

"ಶಿಬಿರ ನಿಮ್ದು, ಕ್ಯೂ ಅವ್ರುದಾ? ಅವ್ರ ತೋಳಿಗೆ ಪಟ್ಟಿ ಸುತ್ತುದ್ರೆ ನಿಮ್ ಬಿಪಿ ಗೊತ್ತಾಯ್ತದಾ? ಯಾರೂ ಇಳೀಬ್ಯಾಡಿ ಬುಡಿ, ನಾನೇ ಬತ್ತೀನಿ."

ಮೊದಲು ಸಿಕ್ಕವರು ಅಪ್ಪ. ನಾನೊಂದು ಖಂಡನೆ ಎಸೆಯುತ್ತೇನೇನೋ ಎಂದು ನನ್ನತ್ತ ನೋಡಿದರು. ನಾನು ಹುಣಸೆಮರ ನೋಡಿದೆ. ಬಿಪಿ ಜಾಸ್ತಿಯೇ ಇತ್ತು. ಡಾಕ್ಟರು ಒಳಗೆ ಕರೆದು ಮಾತ್ರೆ ಬರೆದುಕೊಟ್ಟು, ತಪ್ಪದೆ ಬಂದು ತೋರಿಸಿ ಎಂದರು. ಅಮ್ಮನ ತಲೆಸುತ್ತು ಅಲ್ಲೇ ವಾಸಿಯಾಯಿತು.

ಇತ್ತ ನಾನು ನರ್ಸಮ್ಮನಿಗೆ, ಒಂದು ದಿನದ ಶಿಬಿರದ ಮಿತಿಗಳನ್ನು ವಿವರಿಸತೊಡಗಿದ್ದೆ. ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ಪಟ್ಟಿ ನನ್ನ ತೋಳಿನ ಮೇಲಿತ್ತು. ಮಾತಾಡಬಾರದಂತೆ, ಮಾತಾಡಿದರೆ ಜಾಸ್ತಿ ತೋರಿಸುತ್ತದಂತೆ. ಸುಮ್ಮನಾದೆ. ಅವರು ಅಂಕಿ ನೋಡಿ ಹುಬ್ಬೇರಿಸಿ, ಇನ್ನೊಮ್ಮೆ ನೋಡೋಣ ಎಂದು ಮತ್ತೆ ಗುಂಡಿ ಒತ್ತಿದರು.

ಮಾತ್ರೆ ಹಿಡಿದು ಆಚೆ ಬಂದ ಅಪ್ಪ ನರ್ಸಮ್ಮನಿಗೆ ಹೇಳಿದರು: "ಅವ್ನು ಬಾಯಿ ಮುಚ್ಕೊಂಡು ಕೂತಿರಾದು ಇದೇ ಮೊದ್ಲು ಕಣಮ್ಮ. ಅದ್ಕೇ ಏರ್ಬುಟ್ಟದೆ."

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಪಟ್ಟಿ ಬಿಗಿಯಾಗುತ್ತಿತ್ತು.