ನಂಜುಂಡಯ್ಯನವರ ಒಂದೇ ಮಾತು

ಬೆಳಗ್ಗೆ ಎಂಟಕ್ಕೆ ಪುಣೆಯಿಂದ ಫೋನ್ ಮಾಡಿದ ಮೊಮ್ಮಗಳು ಧಾತ್ರಿ, ಶಾಲೆಗೆ ಅಜ್ಜನ ಬಗ್ಗೆ ಒಂದು ಪುಟ ಬರೆಯಬೇಕು ಎಂದು ಹೇಳಿ, “ಅಜ್ಜೀ, ಅಜ್ಜಂದು ಆವಾಜ್ ಹೇಗಿತ್ತು?” ಎಂದು ಕೇಳಿದಳು.

“ಚೆನ್ನಾಗಿತ್ತು ಕಣೆ.”

“ಚೆನ್ನಾಗಿ ಅಂದ್ರೆ? ಮೋಟೀ ಥೀ ಯಾ ಪತಲೀ?”

ದನಿ ದಪ್ಪವೋ ತೆಳುವೋ ಎಂದು ಹೇಳಲು ಸುಮಿತ್ರಾ ಬಾಯಿ ತೆರೆದರು. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟರು.

ಹದಿನಾರು ವರ್ಷದ ಹಿಂದೆ ಗಂಟಲ ಕ್ಯಾನ್ಸರಿಗೆಂದು ನಂಜುಂಡಯ್ಯನವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವರ ಮಾತೆಲ್ಲ ಸ್ಲೇಟಿನ ಮೇಲೆ. ಜಗಳದಲ್ಲೂ ಅವರು ಬರೆದು ಮುಗಿಸುವವರೆಗೆ ಸುಮಿತ್ರಾ ಕಾಯಬೇಕು. ಅಷ್ಟರಲ್ಲಿ ಕೋಪ ಆರಿದ ದೋಸೆಯಂತೆ ಮೆತ್ತಗಾಗಿರುತ್ತಿತ್ತು. ಮಗಳು ಸುಪ್ರಜಾಳ ಮದುವೆಯ ವಿಡಿಯೊದಲ್ಲೂ ಅವರು ಸುಮ್ಮನೆ ಕೈಮುಗಿಯುತ್ತಾರೆ. ಆ ದನಿ ತನ್ನೊಳಗೆ ಭದ್ರವಾಗಿದೆ ಎಂದೇ ಸುಮಿತ್ರಾ ನಂಬಿದ್ದರು, ಟ್ರಂಕಿನ ತಳದ ರೇಷ್ಮೆ ಸೀರೆಯ ಹಾಗೆ. ಇವತ್ತು ತೆರೆದು ನೋಡಿದರೆ ಮಡಿಕೆಗಳಷ್ಟೇ ಉಳಿದಿವೆ. ಗಂಡ ಆಡಿದ ಮಾತುಗಳು ನೆನಪಿವೆ, ಸದ್ದಿಲ್ಲ.

ಆಗ ಸುಮಿತ್ರಾಗೆ ಹಳೆಯ ಧಾರಾವಾಹಿಯೊಂದು ನೆನಪಾಯಿತು. ಮಾಟುಂಗದ ಕನ್ನಡ ಸಂಘದ ನಾಟಕದಲ್ಲಿ ನಂಜುಂಡಯ್ಯನವರನ್ನು ನೋಡಿದ ಯಾರೋ, ಟಿವಿಯ ಹಿಂದಿ ರಾಜಕೀಯ ಧಾರಾವಾಹಿಯೊಂದಕ್ಕೆ ಕರೆದೊಯ್ದಿದ್ದರು. ಮುಖ್ಯಮಂತ್ರಿಯ ಪಿಎ ಪಾತ್ರ, ಸಾಹೇಬರು ರಾಜೀನಾಮೆ ಕೊಡುವುದಿಲ್ಲ ಎನ್ನುವ ಒಂದೇ ಮಾತು: ‘ಸಾಹಬ್ ಇಸ್ತೀಫಾ ನಹೀಂ ದೇಂಗೇ.’ ಆ ಕಂತು ಬಂದಾಗ ಸುಮಿತ್ರಾ ಹೆರಿಗೆಗೆಂದು ಮೈಸೂರಿನಲ್ಲಿದ್ದರು. ತವರಿನಲ್ಲಿ ಟಿವಿ ಇರಲಿಲ್ಲ. ಬೇರೆ ಕಂತುಗಳನ್ನು ಆಗ ವಾಸವಿದ್ದ ಚಾಳಿನ ನೆರೆಯವರ ಜೊತೆ ನೋಡಿದ್ದು ಅರೆಬರೆ ನೆನಪು. ಮುಖ್ಯಮಂತ್ರಿ ಮನೆಯೊಳಗೂ ಕೊಡೆ ಹಿಡಿಯುತ್ತಿದ್ದ. ಅವನ ಹೆಂಡತಿ ಸದಾ ಉಪ್ಪಿನಕಾಯಿ ಹಾಕುತ್ತಿದ್ದಳು. ಧಾರಾವಾಹಿಯ ಹೆಸರು ಮಾತ್ರ ಹೊಳೆಯದು.

“ರೀ, ನೀವು ಪಿಎ ಆಗಿದ್ರಲ್ಲ, ಆ ಸೀರಿಯಲ್ ಹೆಸರೇನು?”

ನಂಜುಂಡಯ್ಯ ಸ್ಲೇಟಿನ ಮೇಲೆ ‘ನೆನಪಿಲ್ಲ’ ಎಂದು ಬರೆದರು. ಕೆಳಗೆ, ‘ಕಾಫಿ’.

ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯ ಸೇವಂತಿಗೆ ಸುಮಿತ್ರಾ ವಿಷಯ ಹೇಳಿದ್ದೇ ತಪ್ಪಾಯಿತು. ಗ್ರಾಂಟ್ ರೋಡಿನಲ್ಲಿ ಗಂಡನ ಹೋಟೆಲಿದ್ದ ಆಕೆಗೆ ಆರ್ಡರ್ ಕೂಗಿ ಹೇಳಿಯೇ ಅಭ್ಯಾಸ. ಲಿಫ್ಟು ನೆಲ ಮುಟ್ಟುವಷ್ಟರಲ್ಲಿ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಬಿದ್ದಿತ್ತು: ‘ಸುಮಿತ್ರಾ ಆಂಟಿಗೆ ಒಬ್ಬ ಹಳೇ ಚೀಫ್ ಮಿನಿಸ್ಟರ್ ಬೇಕಾಗಿದ್ದಾರೆ. ಅರ್ಜೆಂಟ್.’

ಅರ್ಧ ಗಂಟೆಯಲ್ಲಿ ಸೊಸೈಟಿಯ ಸೆಕ್ರೆಟರಿ ಅಮಿತ ಬಿಲ್ಡಿಂಗಿನ ನೀರಿನ ದೂರುಗಳ ದಪ್ಪ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ. “ಆಂಟೀ, ಮಿನಿಸ್ಟರ್ ಸೇ ಪೆಹಚಾನ್ ಹೈ ತೋ ಹಮಾರೇ ಪಾನೀ ಕಾ ಭೀ ಬೋಲ್ ದೋ ನಾ.”

ಅದು ಧಾರಾವಾಹಿಯ ಮಂತ್ರಿ ಎಂದು ತಿಳಿಸಿದರೂ ಅಮಿತ ಹೋಗಲಿಲ್ಲ. ಅದು ಮರಾಠಿಯದು, ಮುಖ್ಯಮಂತ್ರಿ ಕೊನೆಗೆ ಸಾಯುತ್ತಾನೆ ಎಂದ. ಎರಡನೇ ಮಹಡಿಯವರು ಬಂದು, ಸಾಯುವುದು ಹೆಂಡತಿ ಎಂದರು. ಹನ್ನೊಂದು ಗಂಟೆಗೆ ಹಾಲ್ ವಿಧಾನಸಭೆಯಾಗಿತ್ತು. ನಂಜುಂಡಯ್ಯ ಸ್ಲೇಟಿನಲ್ಲಿ ‘ಸಾಕು’ ಎಂದು ಬರೆದು ಎತ್ತಿ ಹಿಡಿದರು. ಕನ್ನಡ ಓದಬಲ್ಲವರು ಇಬ್ಬರೇ ಇದ್ದರು, ಅವರಿಬ್ಬರೂ ಓದಲಿಲ್ಲ.

“ಹೀಗೆ ಕೂತ್ರೆ ಆಗ್ಲಿಕ್ಕಿಲ್ಲ ಸುಮಿತ್ರಕ್ಕ,” ಎಂದಳು ಸೇವಂತಿ. “ಮಾಟುಂಗಕ್ಕೇ ಹೋಗುವ. ಸಂಘದಲ್ಲಿ ಹಳಬರು ಯಾರಾದ್ರೂ ಇರ್ಬೇಕಲ್ಲ.”

ಮನೆ ಹತ್ತಿರದ ಭಾಂಡುಪಿನಿಂದ ಇಬ್ಬರೂ ಸ್ಲೋ ಲೋಕಲ್ ರೈಲು ಹಿಡಿದರು. ಸಂಘದ ವಾಚನಾಲಯದಲ್ಲಿ ಎಂಬತ್ತು ದಾಟಿದ ಶ್ರೀರಾಮ್ ಪತ್ರಿಕೆಯನ್ನು ಮೂಗಿಗೆ ಅಂಟಿಸಿಕೊಂಡು ಕುಳಿತಿದ್ದರು. ನಂಜುಂಡಯ್ಯನವರ ಜೊತೆ ನಾಟಕ ಆಡಿದವರು. ಕೊಡೆ ಎಂದದ್ದೇ ತಡ, ತಲೆ ಎತ್ತಿದರು.

“‘ಸರ್ಕಾರೀ ಛಾತಾ’ ಅಲ್ವೇನಮ್ಮಾ? ನಾನೂ ಇದ್ದೆ ಅದರಲ್ಲಿ. ಹಾರ ಹಿಡಿದು ನಿಂತೋರಲ್ಲಿ ಏಳನೆಯವನು. ನಂಜುಂಡಂಗೆ ಮಾತಿತ್ತು. ಆಹಾ, ಎಂಥ ಕಂಠ ರೀ ಅದು. ಸ್ಟೇಜ್ ಮೇಲೆ ಅವನು ಬಾಯಿ ತೆಗೆದ್ರೆ, ಹಿಂದಿನ ಸಾಲಲ್ಲಿ ನಿದ್ದೆ ಮಾಡ್ತಿದ್ದೋರು ಎದ್ದು ಚಪ್ಪಲಿ ಹುಡುಕ್ತಿದ್ರು.”

“ದಪ್ಪ ಇತ್ತಾ ಸಾರ್?” ಸುಮಿತ್ರಾ ಮೆಲ್ಲನೆ ಕೇಳಿದರು.

ಶ್ರೀರಾಮ್ ಕನ್ನಡಕ ತೆಗೆದು ನೋಡಿದರು. “ಹೆಂಡ್ತಿ ನೀವು. ನನ್ನ ಕೇಳ್ತೀರಲ್ಲಮ್ಮಾ.”

ವಾಪಸು ಬರುವಾಗ ಸೇವಂತಿ ಕೆಳಮನೆಯ ರೋಶನ್‌ಗೆ ಫೋನ್ ಹಚ್ಚಿದಳು. ಮದುವೆ ವಿಡಿಯೊ ತೆಗೆಯುವ ರೋಶನ್, ಯಾರೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದ್ದ ಹನ್ನೆರಡೂ ಕಂತುಗಳನ್ನು ಪತ್ತೆ ಮಾಡಿಟ್ಟ. ಸಂಜೆ ಐದಕ್ಕೆ ಸುಮಿತ್ರಾ ಮನೆ ತಲುಪಿದಾಗ ಹದಿನಾಲ್ಕು ಜನ ಕೂತಿದ್ದರು. ಸೇವಂತಿಯ ಹೋಟೆಲಿನಿಂದ ಗೋಳಿಬಜೆಯೂ ಬಂದಿತ್ತು. ಟಿವಿ ರಿಮೋಟು ಮಾತ್ರ ಕಾಣಲಿಲ್ಲ. ಸೋಫಾದಡಿ, ಫ್ರಿಜ್ಜಿನ ಮೇಲೆ, ದೇವರ ಗೂಡಿನಲ್ಲಿ ಹುಡುಕಿದ ಮೇಲೆ ಅದು ನಂಜುಂಡಯ್ಯನವರ ತೊಡೆಯಡಿ ಸಿಕ್ಕಿತು.

“ಅಂಕಲ್‌ಗೆ ನಾಚಿಕೆ ಮಾರಾಯ್ರೆ,” ಎಂದ ರೋಶನ್. ಎಲ್ಲರೂ ನಕ್ಕರು. ನಂಜುಂಡಯ್ಯ ಬಚ್ಚಲಿಗೆಂದು ಎದ್ದರೆ ಸೇವಂತಿ ಭುಜ ಹಿಡಿದು ಕೂರಿಸಿದಳು. ಸುಮಿತ್ರಾ ಟಿವಿಯ ಎದುರೇ ನೆಲದ ಮೇಲೆ ಕುಳಿತರು. ಹೆಣ್ಣು ನೋಡಲು ಬಂದವರ ಮುಂದೆ ಕೂತಾಗಿನಂತೆ ಸೆರಗು ಸರಿಮಾಡಿಕೊಂಡರು.

ಎಂಟನೆಯ ಕಂತು. ಬಾಗಿಲು ತೆರೆಯಿತು. ಮೂವತ್ತೆರಡರ ನಂಜುಂಡಯ್ಯ ಫೈಲು ಹಿಡಿದು ಒಳಬಂದರು. ಅದೇ ಎಡಬೈತಲೆ, ಸುಮಿತ್ರಾ ಗುಂಡಿ ಹೊಲಿದುಕೊಟ್ಟಿದ್ದ ಅಂಗಿ. ಅವರು ತಲೆ ಎತ್ತಿ ಬಾಯಿ ತೆರೆದರು.

“ಸಾಹಬ್ ಇಸ್ತೀಫಾ ನಹೀಂ ದೇಂಗೇ.”

ತುಪ್ಪದಲ್ಲಿ ಅದ್ದಿ ತೆಗೆದಂಥ ದನಿ. ರೇಡಿಯೊದಲ್ಲಿ ವಾರ್ತೆ ಓದುವವರ ನುಣುಪು. ತುಟಿಗಳು ಮುಚ್ಚಿದ ಮೇಲೂ ‘ದೇಂಗೇ’ ಒಂದು ಕ್ಷಣ ಉಳಿಯಿತು.

ಹಾಲಿನಲ್ಲಿ ಚಪ್ಪಾಳೆ. “ಕ್ಯಾ ಆವಾಜ್ ಥೀ ಅಂಕಲ್ ಕೀ,” ಎಂದ ಅಮಿತ. ಎಲ್ಲರೂ ಈ ಬಿಲ್ಡಿಂಗಿಗೆ ಬಂದದ್ದು ಆಪರೇಷನ್ ಆದಮೇಲೆ; ಯಾರೂ ಅವರ ದನಿ ಕೇಳಿದವರಲ್ಲ. ಸೇವಂತಿ ಕಣ್ಣೊರೆಸಿಕೊಂಡಳು. “ಸುಮಿತ್ರಕ್ಕ, ಇದೇ ಅಲ್ವಾ ನೀವು ಹುಡುಕಿದ್ದು?”

ಆ ದನಿ ಯಾರದೆಂದು ಸುಮಿತ್ರಾಗೆ ತಿಳಿಯದು. ತನ್ನ ಗಂಡನದಲ್ಲ ಎಂಬುದಷ್ಟೇ ಖಂಡಿತ. ಅವರು ಹಿಂದಕ್ಕೆ ತಿರುಗಿದರು. ನಂಜುಂಡಯ್ಯ ಸ್ಲೇಟನ್ನು ಹೆಂಡತಿಗೆ ಮಾತ್ರ ಕಾಣುವಂತೆ ಹಿಡಿದಿದ್ದರು: ‘ನನ್ನ ಹಿಂದಿಯಲ್ಲಿ ಕನ್ನಡ ಕೇಳಿಸುತ್ತೆ ಅಂತ ಸೀರಿಯಲ್ಲಿನವರು ಅಂದರು. ಬೇರೆಯವನ ಕೈಲಿ ಹೇಳಿಸಿದರು. ನಿನಗೆ ಹೇಳೋಕೆ ನಾಚಿಕೆಯಾಯ್ತು.’

ಬೆರಳ ತುದಿಯಿಂದ ಅದನ್ನು ಅವರೇ ಅಳಿಸಿದರು. ಅವರ ಕಣ್ಣು ಬೇಡುತ್ತಿತ್ತು.

“ಹೌದು,” ಎಂದರು ಸುಮಿತ್ರಾ ಸೇವಂತಿಗೆ. “ಇದೇ.”

ರೋಶನ್ ಆ ತುಣುಕನ್ನು ಕತ್ತರಿಸಿ ಗುಂಪಿಗೆ ಹಾಕಿದ. ಜನ ಮನೆಗೆ ಹೋದ ಮೇಲೂ ಮೆಟ್ಟಿಲಲ್ಲಿ, ಕೆಳಗಿನ ಕಿಟಕಿಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಕೇಳಿಬರುತ್ತಿತ್ತು.

ಸುಮಿತ್ರಾ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕಣ್ಣು ಮುಚ್ಚಿ, ಹಳೆಯದೊಂದನ್ನು ಹಟ ಹಿಡಿದು ನೆನೆದರು: ಚಾಳಿನ ಬಚ್ಚಲು, ಒದ್ದೆ ಮೈಯ ಯುವಕ ನಂಜುಂಡಯ್ಯ, ಚಿಲಕ ತೆಗೆದು ಹೊರಗೆ ಚಾಚಿದ ಕೈ. ‘ಸುಮೀ, ಟವೆಲ್ ಕೊಡೇ.’

ಈ ಸಲ ಸದ್ದು ಬಂತು. ಸ್ಪಷ್ಟವಾಗಿ, ಟಿವಿಯಲ್ಲಿ ಕೇಳಿದ ಹಾಗೇ, ತುಪ್ಪದಂತೆ ನುಣ್ಣಗೆ. ಬಚ್ಚಲಿನಿಂದ ಆ ಪರಗಂಡಸು ಅವರನ್ನು ಕರೆಯುತ್ತಿದ್ದ.