ಹತ್ತು ದಿನದ ರಾಜೀನಾಮೆ

ಬೇಡ ಎನ್ನುವುದಕ್ಕೂ ಒಂದು ಪದ್ಧತಿ ಇದೆ. ನಮ್ಮ ಕಡೆ ಊಟಕ್ಕೆ ಕರೆದವರು ಹೋಳಿಗೆ ಬಡಿಸಲು ಬಂದರೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಸಾಕ್ರಿ, ಸಾಕ್ರಿ' ಎನ್ನಬೇಕು. ಅವರು ಆ ಕೈ ಸರಿಸಿ ಇನ್ನೆರಡು ಹಾಕಬೇಕು. ಸಾಕು ಎಂದ ಕೂಡಲೇ ಬುಟ್ಟಿ ಎತ್ತಿಕೊಂಡು ಮುಂದಿನ ಪಂಕ್ತಿಗೆ ಹೋದವರ ಜೊತೆ ಬೀಗತನ ಮುರಿದದ್ದೂ ಉಂಟು. ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ರಾಜಕೀಯಕ್ಕೆ ಇಳಿದದ್ದೇ ತಪ್ಪಾಯಿತು.

ನಮ್ಮೂರು ಅಂಕಲಿಯಿಂದ ಸ್ವಲ್ಪ ಆಚೆ, ಹೊಳೆಯ ಹತ್ತಿರ. ಕಬ್ಬು ಬೆಳೆದುಕೊಂಡು ಸುಖವಾಗಿದ್ದೆ. ಪಂಚಾಯಿತಿ ಚುನಾವಣೆ ಬಂದಾಗ ಓಣಿಯ ಹಿರಿಯರು ನೀವೇ ನಿಲ್ಲಬೇಕು ಎಂದರು. ನನಗೇಕೆ ಆ ಉಸಾಬರಿ ಎಂದು ಮೂರು ಸಲ ಅಂದೆ. ನಾಲ್ಕನೆಯ ಸಲ ಕೇಳದೆ ಹೋದರೆ ಏನು ಗತಿ ಎಂದು ಹೆದರಿ ಒಪ್ಪಿಕೊಂಡೆ. ಆರಿಸಿ ಬಂದೆ. ಆಮೇಲೆ ಬೇಡ ಬೇಡ ಎನ್ನುತ್ತಲೇ ಅಧ್ಯಕ್ಷನ ಕುರ್ಚಿಯಲ್ಲೂ ಕೂತೆ. ಆ ಕುರ್ಚಿಗೆ ಹೊದಿಸಿದ ಬಿಳಿ ಟವೆಲ್ ನನಗೆ ಬಹಳ ಹಿಡಿಸಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹೊಲದಲ್ಲಿ ನೀರು ಹಾಯಿಸುವಾಗ ಯಾರಾದರೂ ಬದುವಿನ ಮೇಲಿಂದ 'ಅಧ್ಯಕ್ಷರ' ಎಂದು ಕೂಗಿದರೆ, ಸಲಿಕೆ ಬಿಟ್ಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ.

ಒಂದು ಸಭೆಯಲ್ಲಿ ಅಪ್ಪಾಸಾಬ ಎಂಬ ಸದಸ್ಯ, ಊರಿನ ಬೀದಿದೀಪಗಳೆಲ್ಲ ಕೆಟ್ಟಿರುವಾಗ ಅಧ್ಯಕ್ಷರ ಮನೆ ಮುಂದಿನದೊಂದೇ ಹೇಗೆ ಉರಿಯುತ್ತದೆ ಎಂದು ಕೇಳಿದ. ಅದು ಹಗಲೂ ಉರಿಯುತ್ತದೆ, ಅಂದಮೇಲೆ ಅದೂ ಕೆಟ್ಟಿದೆ ಎಂದು ನಾನು ವಾದಿಸಿದೆ. ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ಒಂದು ಹಾಳೆ ತೆಗೆದುಕೊಂಡು, ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಬರೆದೆ. ಯಾರಾದರೂ ಕಸಿದುಕೊಂಡು ಹರಿಯಲು ಅನುಕೂಲವಾಗಲಿ ಎಂದು ನಿಧಾನವಾಗಿಯೇ ಬರೆದೆ. ಯಾರೂ ಹರಿಯಲಿಲ್ಲ. ಎದ್ದು ನಿಂತು, ಇದನ್ನು ಈಗಲೇ ಚಿಕ್ಕೋಡಿಗೆ ಒಯ್ದು ಎ.ಸಿ. ಸಾಹೇಬರ ಕಚೇರಿಗೆ ಕೊಡುತ್ತೇನೆ ಎಂದೆ. ಅಪ್ಪಾಸಾಬ ಬಹಳ ಮರ್ಯಾದೆಯಿಂದ ಎದ್ದ.

"ಬಸ್ಸಿಗಿ ಯಾಕ ಕಾಯ್ತೀರಿ ಅಧ್ಯಕ್ಷರ, ನಾನೂ ಚಿಕ್ಕೋಡಿಗೇ ಹೊಂಟೇನಿ. ಗಾಡಿ ಹತ್ರಿ."

ಅವನ ಬೈಕಿನ ಹಿಂದೆ ಕೂತು ಹೋದೆ. ಕಚೇರಿಯ ಗುಮಾಸ್ತರು ಪತ್ರ ತೆಗೆದುಕೊಂಡು, ಮನಸ್ಸು ಬದಲಾದರೆ ಹತ್ತು ದಿನದೊಳಗೆ ಹಿಂದಕ್ಕೆ ಪಡೆಯಬಹುದು ಎಂದರು. ಕಾನೂನು ಮಾಡಿದವರೂ ನಮ್ಮ ಕಡೆ ಉಂಡವರೇ ಇರಬೇಕು ಎಂದು ಜೀವಕ್ಕೆ ಸಮಾಧಾನವಾಯಿತು. ಊರವರು ಬಂದು ಒತ್ತಾಯ ಮಾಡಲು ಹತ್ತು ದಿನ ಧಾರಾಳ ಸಾಕು.

ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕಾದೆ. ಒಬ್ಬರು ಬಂದು ಮದುವೆಯ ಕಾರ್ಡು ಕೊಟ್ಟು ಹೋದರು. ಇನ್ನೊಬ್ಬರು ನಾಟಿಗೆ ಕಬ್ಬಿನ ಬೀಜ ಕೇಳಿದರು. ರಾಜೀನಾಮೆಯ ಮಾತು ಬರಲಿ ಎಂದು ನಾನೇ ನಿಟ್ಟುಸಿರು ಬಿಟ್ಟು ನೋಡಿದೆ. ಅವರು ಈ ಸಲ ಬಿಸಿಲು ಬಹಳ ಎಂದರು. ಅಷ್ಟು ಆಸೆ ಇದ್ದರೆ ನೀವೇ ಹೋಗಿ ವಾಪಸ್ ತೆಗೆದುಕೊಳ್ಳಿ ಎಂದು ಹೆಂಡತಿ ಶಾಂತಾ ಹೇಳಿದಳು. ಯಾರೂ ಕರೆಯದೆ ಹೋಗಿ ಮತ್ತೆ ಕುರ್ಚಿಯಲ್ಲಿ ಕೂರುವುದು ನನ್ನಿಂದಾಗಲಿಲ್ಲ. ನಗಬೇಡಿ, ಆ ದಿನಗಳಲ್ಲಿ ನನಗೆ ನಿಜವಾಗಿಯೂ ಬಹಳ ನೋವಾಯಿತು.

ಹತ್ತನೆಯ ದಿನ ಬೆಳಿಗ್ಗೆ, ಕಚೇರಿ ತೆರೆಯುವ ಮೊದಲೇ, ಹತ್ತು-ಹನ್ನೆರಡು ಜನ ಮನೆಗೆ ಬಂದರು. ಮುಂದೆ ಅಪ್ಪಾಸಾಬ. ನಾನು ಒಳಗೆ ಓಡಿ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದು ಕೂತೆ.

"ಕಾಕಾ," ಎಂದ ಅಪ್ಪಾಸಾಬ. ನಿನ್ನೆಯವರೆಗೆ ಅಧ್ಯಕ್ಷರ ಎನ್ನುತ್ತಿದ್ದವನು ಕಾಕಾ ಎಂದಾಗಲೇ ನನಗೆ ಎಲ್ಲ ತಿಳಿಯಿತು. "ಹೊಸಾ ಅಧ್ಯಕ್ಷರ ಮೆರವಣಿಗಿಗೆ ನಿಮ್ಮ ಟ್ರ್ಯಾಕ್ಟರ್ ಬೇಕಾಗಿತ್ರಿ. ನಿಮ್ಮ ಟ್ರಾಲಿ ದೊಡ್ಡದೈತಿ."

ಹೊಸ ಅಧ್ಯಕ್ಷ ಯಾರು ಎಂದು ಕೇಳಿದೆ. ಅಪ್ಪಾಸಾಬ ನೆಲ ನೋಡುತ್ತ, ತಾನು ಎಷ್ಟು ಬೇಡವೆಂದರೂ ಜನ ಕೇಳುತ್ತಿಲ್ಲ ಎಂದ.

ನನ್ನ ಟ್ರ್ಯಾಕ್ಟರನ್ನು ಬೇರೆಯವರ ಕೈಗೆ ಕೊಡುವ ರೂಢಿ ಇಲ್ಲ. ಹೀಗಾಗಿ ಅವನು ಆರಿಸಿ ಬಂದ ದಿನ ನಾನೇ ಓಡಿಸಿದೆ. ಮುಂದೆ ಹಲಗೆ ಬಾರಿಸುವವರು, ಹಿಂದೆ ಟ್ರಾಲಿಯಲ್ಲಿ ಹಾರ ಹಾಕಿಕೊಂಡ ಅಪ್ಪಾಸಾಬ. ಜನ ಅವನಿಗೆಂದು ಎರಚಿದ ಗುಲಾಲು ಗಾಳಿಗೆ ಬಂದು ನನ್ನ ಮೇಲೆ ಬಿತ್ತು. ಮನೆಗೆ ಬಂದಾಗ ಶಾಂತಾ ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು.

"ನೀವ ಅಧ್ಯಕ್ಷ ಆದಾಗೂ ಇಷ್ಟ ಗುಲಾಲ ಬಿದ್ದಿರಲಿಲ್ಲಲ್ರಿ."

ಹೌದು ಎಂದೆ. ಒಂದು ಮಾತು ಮಾತ್ರ ಅವಳಿಗೆ ಹೇಳಲಿಲ್ಲ. ದಾರಿಯ ಎರಡೂ ಬದಿಗೆ ಜನ ನಿಂತು ಕೈ ಮುಗಿಯುತ್ತಿದ್ದರು. ಅದು ಹಿಂದಿನ ಟ್ರಾಲಿಗೆ ಎಂದು ಚೆನ್ನಾಗಿ ಗೊತ್ತಿದ್ದೂ, ನಾನು ಸ್ಟೇರಿಂಗ್ ಬಿಟ್ಟು, ಊರ ತುಂಬ ಎಲ್ಲರಿಗೂ ತಿರುಗಿ ಕೈ ಮುಗಿಯುತ್ತಲೇ ಬಂದಿದ್ದೆ.